ಫ್ಲೆಕ್ಸ್ ಅಂಗಡಿಯಲ್ಲಿ ಹೊಂದಿಕೊಂಡ ಗ್ಯಾಲಕ್ಸಿಗಳು

ಸ್ನೇಹಿತರೇ, ನನ್ನ ನಾಲ್ಕು ವರ್ಷದ ಸಂಶೋಧನೆಯನ್ನು ಇವತ್ತು ರಾಮದುರ್ಗದ ಫ್ಲೆಕ್ಸ್ ಅಂಗಡಿಯವರು ಮುಗಿಸಿಕೊಟ್ಟರು.

ನಾಳಿನ ಕಾಲೇಜು ಭಾಷಣಕ್ಕೆಂದು ಎರಡು ಚಿತ್ರ ಕೊಟ್ಟಿದ್ದೆ. ಎಡಕ್ಕೆ ನಾವು ಕಂಪ್ಯೂಟರಿನಲ್ಲಿ ಕಟ್ಟಿದ ಗ್ಯಾಲಕ್ಸಿ, ಬಲಕ್ಕೆ ದೂರದರ್ಶಕಕ್ಕೆ ಕಂಡದ್ದು. ಚಿತ್ರದಲ್ಲಿ ನಮ್ಮತ್ತ ಬರುವ ನಕ್ಷತ್ರಗಳಿಗೆ ನೀಲಿ ಬಣ್ಣ, ದೂರ ಸರಿಯುವವಕ್ಕೆ ಕೆಂಪು. ಎರಡೂ ಚಿತ್ರದ ಬಣ್ಣ ಹೊಂದುವುದಿಲ್ಲ ಎಂಬುದೇ ನನ್ನ ಭಾಷಣ.

ಫ್ಲೆಕ್ಸ್ ಬಿಚ್ಚಿ ನೋಡಿದರೆ ಎರಡಕ್ಕೂ ಒಂದೇ ಬಣ್ಣ.

"ಇದೇನ್ರಿ ಅಣ್ಣಾರ?"

"ಒಂದಕ್ಕೊಂದು ಕೂಡತಿರಲಿಲ್ರಿ ಅಕ್ಕಾರ. ಮದುವಿ ಫ್ಲೆಕ್ಸಿಗೆ ಗಂಡು-ಹೆಣ್ಣಿನ ಬಣ್ಣಾ ಸಮ ಮಾಡತೇವಲ್ರಿ, ಹಂಗ ಮಾಡೇನಿ."

"ಕೂಡೂದಿಲ್ಲ ಅಂತನ ನಾ ಹೇಳಬೇಕಾಗಿತ್ರಿ."

"ನಾಕ ಮಂದಿ ಮುಂದ ಅದನ್ಯಾಕ ಹೇಳತೀರಿ?"

ಹೊಸದು ಮಾಡಿಸಲು ಹೊತ್ತಿಲ್ಲ. ನಾಳೆ ಭಾಷಣಕ್ಕೆ ಬರುವವರು ಅಕ್ಷತೆ ಹಿಡಿದುಕೊಂಡು ಬನ್ನಿ.