ಪಿಳ್ಳಪ್ಪನವರ ‘ನಮ್ಮೋರು’

ಪಿಳ್ಳಪ್ಪ ಯಾವ ನೀರನ್ನಾದರೂ ಮೊದಲು ಮೂಸಿ ನೋಡುತ್ತಿದ್ದರು, ಕುಡಿಯಲು ಕೊಟ್ಟ ಲೋಟದ್ದನ್ನೂ. ಅದನ್ನು ಅವಮಾನವೆಂದು ತಿಳಿಯುವವರು ತಿಳಿಯುತ್ತಿದ್ದರು, ಪಿಳ್ಳಪ್ಪನವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಬೆಂಗಳೂರಿನ ಹೂಡಿಯ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಇನ್ನೂರು ಮನೆಗಳ ಕೊಳಚೆ ನೀರನ್ನು ಶುದ್ಧ ಮಾಡಿ ಫ್ಲಶ್ಶಿಗೆ ಮರಳಿ ಕಳಿಸುವ ಘಟಕವಿದೆ. ಹನ್ನೊಂದು ವರ್ಷ ಅದನ್ನು ನಡೆಸಿದವರು ಅವರು. ಗಿಡ್ಡ ಆಳು, ನರೆತ ಮೀಸೆ, ಮೊಣಕಾಲವರೆಗೆ ಮಡಚಿದ ಖಾಕಿ ಪ್ಯಾಂಟು. ಹುಟ್ಟಿದ್ದು ಹೂಡಿಯಲ್ಲೇ. ದಾಯಾದಿಗಳು ಬಾಡಿಗೆ ಮನೆ ಕಟ್ಟಿಸಿಕೊಂಡು ಆರಾಮವಾಗಿದ್ದರು. “ನಂಗೆ ಸುಮ್ನೆ ಕೂತ್ರೆ ಕಾಲು ಜೋಮು ಇಡೀತದೆ ಸಾರ್,” ಎನ್ನುತ್ತಿದ್ದರು ಇವರು.

ಅವರ ಘಟಕದಲ್ಲಿ ದುರ್ವಾಸನೆ ಇರುತ್ತಿರಲಿಲ್ಲ. ಮೊದಲ ಮಳೆಗೆ ನೆನೆದ ಮಣ್ಣಿನಂಥ ವಾಸನೆ ಇರುತ್ತಿತ್ತು. “ನಾತ ಬಂತು ಅಂದ್ರೆ ನಮ್ಮೋರು ಸತ್ತವ್ರೆ ಅಂತ,” ಎನ್ನುವುದು ಅವರ ಮಾತು. ನಮ್ಮೋರು ಎಂದರೆ ತೊಟ್ಟಿಯಲ್ಲಿದ್ದು ಕೊಳಕನ್ನು ತಿನ್ನುವ, ಕಣ್ಣಿಗೆ ಕಾಣದ ಜೀವಾಣುಗಳು.

ನಮ್ಮ ಮನೆಗೆ ಅವರು ಮೊದಲು ಬಂದದ್ದು ಫ್ಲಶ್ಶಿನ ನೀರು ಹಳದಿಯಾಗಿದೆ ಎಂಬ ದೂರಿನ ಮೇಲೆ. ನಾನು ಆಗ ಪತ್ರಿಕೆಯೊಂದರ ಸುದ್ದಿ ಮೇಜಿನಲ್ಲಿದ್ದೆ. ಹೋಗಿಬರಲು ದಿನಕ್ಕೆ ಮೂರು ಗಂಟೆ. ಮನೆಗೆ ಬಂದ ಮೇಲೆ ಅಕ್ಷರವಿಲ್ಲದ ಏನನ್ನಾದರೂ ನೋಡಬೇಕು ಅನ್ನಿಸುತ್ತಿತ್ತು. ಅದಕ್ಕಾಗಿ ಉಪ್ಪುನೀರಿನ ಸಣ್ಣ ಅಕ್ವೇರಿಯಂ ಒಂದನ್ನು ಮಾಡಲು ಹೊರಟಿದ್ದೆ. ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಅಷ್ಟೇ. ಗಾಜಿನ ತೊಟ್ಟಿ ಬಂತು, ಸಮುದ್ರದ ಉಪ್ಪು ಬಂತು. ಫಿಲ್ಟರ್ ಯಾವುದು ಎಂಬಲ್ಲಿ ಎರಡು ವಾರ ನಿಂತೆ. ಅಂಗಡಿಯವನು ತೊಟ್ಟಿಯ ಅಂಚಿಗೆ ನೇತುಹಾಕುವ ಪೆಟ್ಟಿಗೆ ಸಾಕೆಂದ. ಯೂಟ್ಯೂಬಿನಲ್ಲಿ ಒಬ್ಬ, ಕೆಳಗೆ ಮುಚ್ಚಿಡುವ, ಪಿಂಗಾಣಿ ಉಂಗುರ ತುಂಬಿದ ಡಬ್ಬವೇ ಸರಿಯೆಂದ. ಇನ್ನೊಬ್ಬ ಬರೀ ಕಲ್ಲು ಸಾಕೆಂದ.

“ಏನ್ ಸಾರ್, ಖಾಲಿ ತೊಟ್ಟಿ ಮುಂದೆ ಪರೀಕ್ಷೆಗೆ ಓದೋರಂಗೆ ಕೂತಿದ್ದೀರಾ?” ಎಂದು ಪಿಳ್ಳಪ್ಪ ಕೇಳಿದರು. ಹೇಳಿದೆ. ಅವರು ನಕ್ಕರು.

“ಮೀನು ಉಚ್ಚೆ ಉಯ್ಯಲ್ವಾ ಸಾರ್? ಉಪ್ನೀರಾದ್ರೇನು, ನನ್ ಕೆಳಗ್ನ ನೀರಾದ್ರೇನು, ಕೆಲ್ಸ ಒಂದೇ. ತಿನ್ನೋರು ಬೇಕು.”

ಆಮೇಲೆ ನನ್ನ ಮೂರೂ ಆಯ್ಕೆಗಳನ್ನು ಒಂದೊಂದಾಗಿ ವಿಚಾರಿಸಿಕೊಂಡರು. ನೇತುಹಾಕುವ ಪೆಟ್ಟಿಗೆಯ ಒಳಗಿನ ಹತ್ತಿಯನ್ನು ತಿಂಗಳಿಗೊಮ್ಮೆ ಎಸೆದು ಹೊಸದು ಹಾಕಬೇಕು ಎಂದೆ. “ಅಂದ್ರೆ ತಿಂಗ್ಳಿಗೊಂದ್ಸಲ ಊರ್ಗೂರೇ ಎತ್ತಿ ಕಸದ ಡಬ್ಬಕ್ಕೆ ಆಕ್ದಂಗೆ. ಬ್ಯಾಡ.” ಮುಚ್ಚಿದ ಡಬ್ಬ? “ಕರೆಂಟ್ ಓದ್ರೆ ನೀರು ನಿಂತೋಯ್ತದೆ. ಒಳಗಿರೋವು ಉಸ್ರುಕಟ್ಟಿ ಸಾಯ್ತವೆ. ಕರೆಂಟ್ ಬಂದ ತಕ್ಷಣ ಆ ವಿಷಾನೆಲ್ಲ ಮೀನಿನ ಮೇಲೇ ಉಗೀತದೆ. ನಿಮ್ ಜನರೇಟರ್ ಎಷ್ಟು ಬೇಗ ಆನ್ ಆಯ್ತದೆ ಅಂತ ನಂಗೊತ್ತಿಲ್ವಾ?” ಕೊನೆಗೆ ಉಳಿದದ್ದು ಕಲ್ಲು. ಬೇರೆಯವರ ತೊಟ್ಟಿಯಲ್ಲಿ ವರ್ಷಗಟ್ಟಲೆ ನೆನೆದ, ತೂತುತೂತಿನ ಕಲ್ಲು, ಜೊತೆಗೆ ಗಾಳಿಯ ಪಂಪಿಗೆ ಸಿಕ್ಕಿಸುವ ಒಂದು ಸ್ಪಂಜು. “ಒಂದೊಂದು ತೂತಲ್ಲೂ ಒಂದೊಂದು ಸಂಸಾರ ಕೂತ್ಕೊಂತದೆ. ಮನೆ ಕೊಡಿ, ಗಾಳಿ ಕೊಡಿ, ಉಪವಾಸ ಕೆಡವ್ಬೇಡಿ, ಸೋಪು ತೋರಿಸ್ಬೇಡಿ. ಇನ್ನೇನೂ ಕೇಳಕಿಲ್ಲ ಅವು.”

ನನ್ನ ಹೆಂಡತಿ ಸವಿತಾ ಅಡುಗೆಮನೆಯಿಂದಲೇ, “ಹುಳಕ್ಕೆ ಮನೆ ಕಟ್ಟೋಕೆ ಇಷ್ಟೆಲ್ಲಾನಾ?” ಎಂದಳು.

“ಮೇಡಂ, ನಿಮ್ಮನೇಲಿ ಮೊಸರು ಮಾಡೋದ್ಯಾರು? ನೀವಾ?” ಎಂದರು ಪಿಳ್ಳಪ್ಪ. ಅವಳು ಕಾಫಿ ತಂದು ಕೊಟ್ಟಳು. ಅವರು ಅದನ್ನೂ ಮೂಸಿ ಕುಡಿದರು.

ಕಲ್ಲು ತಂದು ಉಪ್ಪುನೀರು ತುಂಬಿದ ಮೇಲೆ ನೀರು ಪಕ್ವವಾಗಲು ಕಾಯಬೇಕಿತ್ತು. ಮೀನಿಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಸುವುದು, ಆ ವಿಷವನ್ನು ತಿನ್ನಲು ಜೀವಾಣುಗಳು ಬೆಳೆಯುವ ತನಕ ಸುಮ್ಮನಿರುವುದು. ಶನಿವಾರ ಪಾಳಿ ಮುಗಿದ ಮೇಲೆ ಪಿಳ್ಳಪ್ಪ ಕೈಕಾಲು ತೊಳೆದು, ಅಂಗಿ ಬದಲಿಸಿ, ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಬರುತ್ತಿದ್ದರು. ಲಿಫ್ಟಿನಲ್ಲಿ ಬರಬಹುದಲ್ಲ ಎಂದು ಒಮ್ಮೆ ಕೇಳಿದೆ. “ಜೊತೇಲಿರೋರು ಉಸ್ರು ಬಿಗಿ ಇಡ್ಕೊಂತಾರೆ ಸಾರ್. ಪಾಪ, ಯಾಕೆ ಅವ್ರಿಗೆ ತ್ರಾಸ,” ಎಂದರು.

ನಾಲ್ಕನೆಯ ವಾರ ಪರೀಕ್ಷೆಯ ಸೀಸೆಯಲ್ಲಿ ಅಮೋನಿಯದ ಹಸಿರು ಹೋಗಿ, ಆ ವಿಷ ಇಳಿದಿದೆ ಎನ್ನುವ ಹಳದಿ ಬಂತು. ಮೀನು ತರಲು ಬೈಕಿನ ಕೀಲಿ ಕೈಗೆತ್ತಿಕೊಂಡೆ. ಅವರು ತಡೆದರು. “ಈಗ ಬಂದಿರೋದು ಮೊದಲ್ನೇ ಪಂಗಡ. ಅವು ತಿಂದು ಬಿಟ್ಟಿದ್ದೂ ವಿಷಾನೇ. ಅದನ್ನ ತಿನ್ನೋ ಎರಡ್ನೇ ಪಂಗಡ ಒಂಚೂರು ನಿಧಾನ. ಪೇಪರ್ನೋರಿಗೆ ಆತ್ರ ಜಾಸ್ತಿ. ನೀರಿಗೆ ಡೆಡ್‌ಲೈನ್ ಇಲ್ಲ ಸಾರ್.” ಏಳನೆಯ ವಾರ ಮೀನು ಬಂದವು. ಅವರು ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು ಇಪ್ಪತ್ತು ನಿಮಿಷ ನೋಡಿದರು.

ಮರುವರ್ಷ ಬೇಸಿಗೆಯಲ್ಲಿ ಕುಡಿಯುವ ನೀರಿನ ಸಂಪು, ಓವರ್‌ಹೆಡ್ ಟ್ಯಾಂಕು ತೊಳೆಯುವವರು ಬಂದರು. ಅಂದು ಸಂಜೆ ಪಿಳ್ಳಪ್ಪ ಏದುಸಿರು ಬಿಡುತ್ತ ನಮ್ಮ ಬಾಗಿಲಿಗೆ ಬಂದು, ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ನೀರು ಹಿಡಿದು ಮೂಸಿದರು. “ಬ್ಲೀಚಿಂಗ್ ಪೌಡರು. ಸಿಕ್ಕಾಪಟ್ಟೆ ಆಕವ್ರೆ. ತೊಳೆದ ನೀರ್ನೆಲ್ಲ ಚರಂಡಿಗೆ ಬಿಟ್ಟವ್ರೆ, ಎಲ್ಲ ನನ್ ತೊಟ್ಟಿಗೆ ಬಂದದೆ. ಇವತ್ತು ಈ ನೀರ್ನ ಮೀನಿಗೆ ಮುಟ್ಟಿಸ್ಬೇಡಿ ಸಾರ್.” ಅಷ್ಟು ಹೇಳಿ ಇಳಿದು ಹೋದರು. ತಮ್ಮ ಘಟಕ ಸಾಯುತ್ತಿದ್ದ ಹೊತ್ತಿನಲ್ಲಿ ಆ ಮನುಷ್ಯ ನನ್ನ ಎರಡು ಮೀನಿಗಾಗಿ ನಾಲ್ಕು ಮಹಡಿ ಹತ್ತಿದ್ದರು. ಅದು ನನಗೆ ಹೊಳೆದದ್ದು ಆಮೇಲೆ.

ಮೂರನೆಯ ದಿನಕ್ಕೆ ನಾತ ಎದ್ದಿತು. ಭಾನುವಾರ ಕ್ಲಬ್‌ಹೌಸಿನಲ್ಲಿ ನಿವಾಸಿಗಳ ಸಭೆ ಸೇರಿತು. ಪಿಳ್ಳಪ್ಪನವರನ್ನು ತೆಗೆದು, ಯಂತ್ರವೇ ಎಲ್ಲ ನಿಯಂತ್ರಿಸುವ ಹೊಸ ಏಜೆನ್ಸಿಗೆ ಘಟಕ ಒಪ್ಪಿಸುವುದೆಂದು ಅಧ್ಯಕ್ಷರು ಸೂಚಿಸಿದರು. ಬಾಗಿಲ ಬಳಿ ನಿಂತಿದ್ದ ಪಿಳ್ಳಪ್ಪ ಕೈ ಮುಗಿದರು.

“ಮೂರು ವಾರ ಟೈಮ್ ಕೊಡಿ ಸಾರ್. ಮೊಸರಿಗೆ ಆಕ್ದಂಗೆ, ಪಕ್ಕದ ಅಪಾರ್ಟ್‌ಮೆಂಟ್ ತೊಟ್ಟಿಯಿಂದ ಎಪ್ಪು ತಂದು ಆಕಿದೀನಿ. ನಮ್ಮೋರು ವಾಪಸ್ ಬತ್ತಾರೆ.”

“ಯಾರ್ರೀ ನಿಮ್ಮೋರು? ಊರವರನ್ನೆಲ್ಲ ಕರ್ಕೊಂಡ್ ಬರ್ತೀರಾ?” ಎಂದರೊಬ್ಬರು. ಸಭೆ ನಕ್ಕಿತು.

ಹಾಗೆ ಕಾದರೆ ಏನಾಗುತ್ತದೆ ಎಂದು ಮನೆಯಲ್ಲಿ ಕಣ್ಣಾರೆ ನೋಡಿದವನು ಆ ಸಭೆಯಲ್ಲಿ ನಾನೊಬ್ಬನೇ. ಎದ್ದು ನಿಂತೆ. ನಿಂತ ಮೇಲೆ ಯೋಚನೆ ಬಂತು: ಬ್ಲೀಚಿಂಗ್ ಪೌಡರಿಗೆ ನನ್ನ ಬಳಿ ಇರುವ ಆಧಾರ ಒಬ್ಬರ ಮೂಗು ಮಾತ್ರ. ಟ್ಯಾಂಕು ತೊಳೆದವರನ್ನು ಯಾರೂ ಕೇಳಿಲ್ಲ. ಒಂದೇ ಮೂಲದ ಸುದ್ದಿಯನ್ನು ನಾನು ಎಂದೂ ಅಚ್ಚಿಗೆ ಬಿಟ್ಟವನಲ್ಲ. “ವಿಚಾರಿಸಿ ಹೇಳುತ್ತೇನೆ,” ಎಂದು ಕೂತೆ. ದಣಿವೂ ಇತ್ತು, ವಾರಕ್ಕೊಂದೇ ರಜೆ. ಅವರು ಕೇಳಿದ್ದು ಮೂರು ವಾರ ಮಾತ್ರ, ಅದನ್ನು ಬೆಂಬಲಿಸಲು ಯಾವ ಎರಡನೆಯ ಮೂಲವೂ ಬೇಕಿರಲಿಲ್ಲ. ಇದು ಹೊಳೆಯುವಷ್ಟರಲ್ಲಿ ಅಧ್ಯಕ್ಷರ ಸೂಚನೆಗೆ ಒಪ್ಪಿ ಕೈಗಳು ಮೇಲೆದ್ದಿದ್ದವು.

ಮಂಗಳವಾರ ಟ್ಯಾಂಕು ತೊಳೆಸಿದ ಮೇಸ್ತ್ರಿಗೆ ಫೋನ್ ಮಾಡಿದೆ. ಅವನು ಮುಚ್ಚುಮರೆಯಿಲ್ಲದೆ, “ಹೌದು ಸಾರ್, ಡಬಲ್ ಹಾಕಿದ್ವಿ, ಚೆನ್ನಾಗಿ ಕ್ಲೀನ್ ಆಗ್ಲಿ ಅಂತ,” ಎಂದ. ಅದನ್ನು ಅಧ್ಯಕ್ಷರಿಗೆ ಬರೆದು ಕಳಿಸಿದೆ. ಗಮನಿಸಲಾಗಿದೆ ಎಂದು ಉತ್ತರ ಬಂತು.

ಕೊನೆಯ ದಿನ ನೆಲಮಾಳಿಗೆಗೆ ಹೋದೆ. ಹೊಸಬರಿಗೆ ಗೊಂದಲವಾಗದಿರಲೆಂದು ಪಿಳ್ಳಪ್ಪ ಪೈಪುಗಳ ಮೇಲೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕುತ್ತಿದ್ದರು. ಮೇಸ್ತ್ರಿ ಒಪ್ಪಿಕೊಂಡ ಸಂಗತಿ ಹೇಳಿದೆ.

“ಬಿಡಿ ಸಾರ್,” ಎಂದರು, ಗುರುತು ಹಾಕುವುದನ್ನು ನಿಲ್ಲಿಸದೆ. “ಅವತ್ತು ನೀವು ಎದ್ರಿ. ನಾನು ನೋಡ್ದೆ. ಆಮೇಕೆ ಕೂತ್ಕೊಂಡ್ರಿ. ಅದ್ನೂ ನೋಡ್ದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೊಸ ಏಜೆನ್ಸಿಯವರು ಯಂತ್ರ ಕೂರಿಸುತ್ತಿರುವಾಗಲೇ, ಪಿಳ್ಳಪ್ಪ ಹೆಪ್ಪು ಹಾಕಿದ ಇಪ್ಪತ್ತನೆಯ ದಿನಕ್ಕೆ, ನಾತ ನಿಂತಿತು. ವಾಟ್ಸಾಪ್ ಗುಂಪಿನಲ್ಲಿ ಏಜೆನ್ಸಿಗೆ ಅಭಿನಂದನೆಗಳು ಬಂದವು. ನಾನು ಪಿಳ್ಳಪ್ಪನವರಿಗೆ ಫೋನ್ ಮಾಡಿದೆ.

“ಇಪ್ಪತ್ತೇ ದಿನಕ್ಕಾ? ಒಂದಿನ ಮುಂಚೇನೇ ಬಂದವ್ರಲ್ಲ!” ಎಂದರು. ಮೊಮ್ಮಗು ಹುಟ್ಟಿದ ಸುದ್ದಿ ಕೇಳಿದವರ ಹಾಗಿತ್ತು ದನಿ. ಆಮೇಲೆ ಹೇಳಿದರು, “ಆ ಒಸಬ್ರಿಗೆ ಒಂದ್ಮಾತು ಏಳಿ ಸಾರ್. ಇನ್ನೊಂದು ವಾರ ಗಾಳಿ ಮಿಷಿನ್ ನಿಲ್ಲಿಸ್ಬಾರ್ದು. ಈಗಿನ್ನೂ ಎಳೇವು. ನಾನ್ ಏಳ್ದೆ ಅನ್ಬೇಡಿ, ಬೇಜಾರ್ ಮಾಡ್ಕೊಂತಾರೆ.”

ಕೆಳಗೆ ಹೋಗಿ ಹೇಳಿದೆ. ಹೊಸ ಆಪರೇಟರ್ ಫೋನಿನಿಂದ ತಲೆಯೆತ್ತಿ, “ಯಾರು ಸಾರ್ ಹೇಳಿದ್ದು?” ಎಂದು ಕೇಳಿದ.

ಹೆಸರು ಹೇಳಿದೆ.