ಹಸಿರಾಗದ ಕಂಪ್ಯೂಟರ್

ನಮ್ಮ ಕನ್ನಡಕದ ಕಂಪನಿಯ ಅಷ್ಟೂ ಅಂಗಡಿಗಳ ವೈಫೈ ನೋಡಿಕೊಳ್ಳುವವನು ಒಬ್ಬನೇ. ಎಲ್ಲರೂ ಅವನನ್ನು ನೆಟ್ಟಣ್ಣ ಅನ್ನುತ್ತಾರೆ. ಹೆಡ್ಡಾಫೀಸಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಒಂದೇ ಪರದೆಯ ಮೇಲೆ ಎಲ್ಲ ಕಂಪ್ಯೂಟರುಗಳನ್ನೂ ಕಾಯುತ್ತಾನೆ. ಭದ್ರತೆಯ ಅಪ್‌ಡೇಟ್ ಆಗಿದ್ದರೆ ಹಸಿರು ಚುಕ್ಕೆ, ಆಗದಿದ್ದರೆ ಕೆಂಪು. ಹಸಿರಿದೆ ಎಂದು ಹೊಗಳಲು ಯಾರೂ ಫೋನ್ ಮಾಡುವುದಿಲ್ಲ. ಫೋನ್ ಬಂದರೆ ಬೈಗುಳವೇ. ಹೆಂಡತಿಯದೂ ಅದೇ ರಾಗ: “ಮನೇಲಿ ಮತ್ತೆ ವೈಫೈ ಹೋಯ್ತು ರೀ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ನಿಮ್ಮನ್ನ ನೋಡೇ ಅಂದಿರಬೇಕು.”

ಆ ದಿನ ಸಂಜೆ, ಹ್ಯಾಕಿಂಗ್‌ನಿಂದಾಗುವ ನಷ್ಟಕ್ಕೆ ವಿಮೆ ಕೊಡುವ ಕಂಪನಿಯವರು ಪರಿಶೀಲನೆಗೆ ಬರುವವರಿದ್ದರು. ಹಸಿರಾಗದ ಒಂದೇ ಒಂದು ಕಂಪ್ಯೂಟರ್ ಇಂಟರ್ನೆಟ್ಟಿಗೆ ಅಂಟಿಕೊಂಡಿದ್ದರೂ ವಿಮೆ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಹಸಿರಾದವು; ಒಂದು ಮಾತ್ರ ಬೂದು. ಬೂದು ಅಂದರೆ ಕಾಣೆಯಾಗಿದೆ ಎಂದರ್ಥ. ಅದು ಹಿಂದಿನ ಕಟ್ಟಡದಲ್ಲಿ ಲೆನ್ಸ್ ಉಜ್ಜುವ ಮೆಷಿನ್ನಿನದು. ನೆಟ್ಟಣ್ಣ ಊಟದ ಡಬ್ಬಿ ಮುಚ್ಚಿಟ್ಟು ಎದ್ದ.

ಆ ಮೆಷಿನ್ ನಡೆಸುವ ಲೆನ್ಸಕ್ಕ ಏಪ್ರನ್ನಿಗೆ ಕೈ ಒರೆಸುತ್ತ ನಕ್ಕಳು.

“ಅಕ್ಕಾ, ಈ ಕಂಪ್ಯೂಟರ್ ನನ್ನ ಕಣ್ಣಿಗೇ ಬೀಳ್ತಿಲ್ವಲ್ಲ?”

“ಬೀಳಬಾರ್ದು ಅಂತ್ಲೇ ಕಣಪ್ಪ. ನಿನ್ನ ಅಪ್‌ಡೇಟ್ ಬರುತ್ತೆ ಅಂದ ತಕ್ಷಣ ನಿನ್ನ ವೈಫೈ ಬಿಟ್ಟು, ನನ್ನ ಮೊಬೈಲಿಂದ ಇಂಟರ್ನೆಟ್ ಕೊಟ್ಕೋತೀನಿ.”

ನೆಟ್ಟಣ್ಣ ಸ್ಟೂಲಿನ ಮೇಲೆ ಕುಸಿದ. “ನಾನು ಮುಂಬಾಗ್ಲಿಗೆ ಬೀಗ ಹಾಕ್ಕೊಂಡು ಕಾಯ್ತಿದ್ರೆ, ನೀವು ಹಿತ್ತಲ ಬಾಗ್ಲು ತೆಗೆದಿಟ್ಟಿದ್ದೀರಲ್ಲಕ್ಕಾ!”

“ಇನ್ನೇನ್ ಮಾಡ್ಲಿ? ಹೋದ ಸಲ ನಿನ್ನ ಅಪ್‌ಡೇಟ್‌ಗೆ ಮೆಷಿನ್ ಮಲಗಿದ್ದು ಮರೆತ್ಯಾ? ಇನ್ನೊಂದ್ಸಲ ನಿಂತ್ರೆ ಲೆನ್ಸ್ ಕೆಲ್ಸ ಹೊರಗೆ ಕೊಡ್ತೀವಿ ಅಂತ ಯಜಮಾನ್ರು ಅಂದಿದಾರೆ. ಕೆಲ್ಸದ ಜೊತೆ ನನ್ನನ್ನೂ ಹೊರಗೆ ಕಳಿಸ್ತಾರೆ.”

ಅವಳು ಹೇಳಿದ್ದು ನಿಜ. ಆ ಮೆಷಿನ್ನಿಗೆ ಹಳೆಯ ಸಾಫ್ಟ್‌ವೇರ್ ಮಾತ್ರ ಒಗ್ಗುತ್ತಿತ್ತು. ಮೆಷಿನ್ ಮಾಡಿದ ಕಂಪನಿಯವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಪ್‌ಡೇಟ್ ಮಾಡಿದರೆ ಮೆಷಿನ್ ಹೋಗುತ್ತದೆ, ಬಿಟ್ಟರೆ ವಿಮೆ ಹೋಗುತ್ತದೆ. ನೆಟ್ಟಣ್ಣ ಕಣ್ಣುಜ್ಜಿಕೊಂಡ.

“ಇದಕ್ಕೆ ಇಂಟರ್ನೆಟ್ಟೇ ಬೇಡ. ಮೆಷಿನ್‌ಗೆ ಹೋಗೋ ವೈರೊಂದು ಇರಲಿ. ಪಕ್ಕದಲ್ಲಿ ಬೇರೆ ಕಂಪ್ಯೂಟರ್ ಇಡ್ತೀನಿ, ಆರ್ಡರ್ ಅದರಲ್ಲಿ ಬರುತ್ತೆ. ನೀವು ನೋಡ್ಕೊಂಡು ಇದರಲ್ಲಿ ಟೈಪ್ ಮಾಡ್ಬೇಕು.”

“ಎಲ್ಲಾನೂ ಕೈಯಲ್ಲೇ?”

“ಎಲ್ಲಾನೂ. ಪೆನ್‌ಡ್ರೈವೂ ಹಾಕೋ ಹಾಗಿಲ್ಲ, ಅದರಿಂದ್ಲೂ ವೈರಸ್ ಬರುತ್ತೆ.”

“ಊರೋರ ಕಣ್ಣು ಸರಿ ಮಾಡೋಕೆ ಹೋಗಿ ನನ್ನ ಕಣ್ಣು ಕಳ್ಕೋಬೇಕು ಅನ್ನು.” ಲೆನ್ಸಕ್ಕ ಮೊಬೈಲ್ ತೆಗೆದು, ತಾನೇ ಇಂಟರ್ನೆಟ್ ಆಫ್ ಮಾಡಿದಳು.

ಸಂಜೆ ಬಂದ ಪರಿಶೀಲಕ ಮಂಡಿಯೂರಿ ಹಳೇ ಕಂಪ್ಯೂಟರಿನ ಹಿಂದೆ ಟಾರ್ಚ್ ಬಿಟ್ಟು ನೋಡಿದ. ಕರೆಂಟಿನದು ಬಿಟ್ಟರೆ ಮೆಷಿನ್ನಿಗೆ ಹೋಗುವ ಒಂದೇ ವೈರು; ವೈಫೈಯೂ ಆಫ್. ಸಹಿ ಹಾಕಿ ಹೊರಟುಹೋದ. ಯಜಮಾನರು ಅವನನ್ನು ಕಾರಿನವರೆಗೆ ಬಿಟ್ಟು ಬಂದರು. ನೆಟ್ಟಣ್ಣನಿಗೆ ಏನೂ ಹೇಳಲಿಲ್ಲ.

ಅಷ್ಟರಲ್ಲಿ ಹೊಸ ಪರದೆಯ ಮೇಲೆ ಆರ್ಡರುಗಳು ಸಾಲುಗಟ್ಟಿದ್ದವು. ಲೆನ್ಸಕ್ಕ ಅತ್ತ ನೋಡಿ ಇತ್ತ ಒಂದಕ್ಷರ ಒತ್ತಿ, ಮತ್ತೆ ಅತ್ತ ತಿರುಗುತ್ತಿದ್ದಳು. ಈ ಲೆಕ್ಕದಲ್ಲಿ ನಾಳೆಯ ಕನ್ನಡಕಗಳು ನಾಡಿದ್ದಿಗೂ ಆಗುವುದಿಲ್ಲ. ಯಜಮಾನರಿಗೆ ಅಷ್ಟು ನೆಪ ಸಾಕು. ಹೊರಡಲು ಚೀಲ ಹೆಗಲಿಗೇರಿಸಿದ್ದ ನೆಟ್ಟಣ್ಣ ಬಾಗಿಲಲ್ಲಿ ನಿಂತ. ಚೀಲ ಇಳಿಸಿ ಸ್ಟೂಲ್ ಎಳೆದುಕೊಂಡ.

“ಬಲಗಣ್ಣು, ಮೈನಸ್ ಎರಡೂವರೆ. ಎಡಗಣ್ಣು...”

“ಮೆಲ್ಲಗಪ್ಪಾ, ನಂದು ಒಂದೇ ಬೆರಳಿನ ಟೈಪಿಂಗು.”

ಅವನು ಆಕಳಿಸಿ, ಬಲಗಣ್ಣಿನಿಂದ ಮತ್ತೆ ಶುರುಮಾಡಿದ.