ಸುತ್ತಿಗೆ ಹಾಕಿದ ಬೆಸುಗೆ

ಅವನನ್ನು ಎಲ್ಲರೂ ಸುತ್ತಿಗೆ ಎಂದೇ ಕರೆಯುತ್ತಿದ್ದರು. ಮೆಕ್ಯಾನಿಕ್ ಆದ್ದರಿಂದ ಬಂದ ಹೆಸರು ಎಂದು ಹೊಸಬರು ಅಂದುಕೊಳ್ಳುತ್ತಿದ್ದರು. ಹಳಬರಿಗೆ ನಿಜ ಗೊತ್ತಿತ್ತು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಗುಡ್ಡದ ಮೇಲೆ ನಡೆದ ಬೈಕ್ ರೇಸಿನಲ್ಲಿ, ತನ್ನನ್ನು ಅನ್ಯಾಯವಾಗಿ ಹೊರಗೆ ಹಾಕಿದ, ಬಾವುಟ ಬೀಸುವವನ ದವಡೆಯನ್ನು ಅವನು ಒಂದೇ ಗುದ್ದಿಗೆ ಮುರಿದಿದ್ದ. ಆಮೇಲೆ ಯಾವ ರೇಸಿಗೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಓಡಿಸುವುದು ಹೋಯಿತು, ರಿಪೇರಿ ಉಳಿಯಿತು.

ಬೇರೆಯವರಿಗೆ ಸಿಟ್ಟು ಮೂಗಿನ ಮೇಲಿದ್ದರೆ ಇವನಿಗೆ ಮುಂಗೈಯಲ್ಲೇ ಇತ್ತು. ಬೋಲ್ಟು ಬಿಚ್ಚಿಕೊಳ್ಳದಿದ್ದರೆ ಸ್ಪ್ಯಾನರು ಗೋಡೆಗೆ ಹೋಗುತ್ತಿತ್ತು. ಗಿರಾಕಿ ಎರಡು ಸಲ ಕೇಳಿದ್ದನ್ನೇ ಕೇಳಿದರೆ ಅವನ ಕಾಲರು ಕೈಗೆ ಬರುತ್ತಿತ್ತು. ಹೆಂಡತಿಯ ಮೇಲೆ ಅವನು ಯಾವತ್ತೂ ಕೈ ಮಾಡಿದವನಲ್ಲ; ಆದರೆ ಒಮ್ಮೆ ಗೋಡೆಗೆ ಬೀಸಿದ ಹಳೆಯ ಪಿಸ್ಟನ್ ಒಡೆದು, ಚೂರು ಹಾರಿ, ಅವಳ ಹುಬ್ಬು ಸೀಳಿತ್ತು. ಅಲ್ಲಿ ಇವತ್ತಿಗೂ ಕೂದಲು ಬೆಳೆಯುವುದಿಲ್ಲ. "ನಿನಗೆ ಹೊಡೀಲಿಲ್ಲವಲ್ಲ" ಎಂದು ಅವನು ಅಂದಾಗಲೆಲ್ಲ ಅವಳು ಆ ಹುಬ್ಬನ್ನು ಒಮ್ಮೆ ಸವರಿಕೊಳ್ಳುತ್ತಿದ್ದಳು.

ಇಷ್ಟಾದರೂ ದೂರದೂರದಿಂದ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಕಲ್ಲು, ಕೆಸರು, ಗುಡ್ಡ ಎನ್ನದೆ ಹತ್ತುವುದಕ್ಕೆಂದೇ ನಲವತ್ತು ಐವತ್ತು ವರ್ಷದ ಹಿಂದೆ ತಯಾರಾದ ಬೈಕುಗಳಿಗೆ ಮತ್ತೆ ಜೀವ ಕೊಡುವ ಕೈ ಆ ಸುತ್ತಮುತ್ತ ಅವನೊಬ್ಬನದೇ. ಮನೆಯ ಹಿಂದೆ ತಗಡಿನ ಶೆಡ್ಡು. ಒಳಗೆ ಕಬ್ಬಿಣ ಕಡೆಯುವ ಒಂದು ಲೇತು, ಗ್ಯಾಸ್ ಬೆಸುಗೆಯ ಎರಡು ಸಿಲಿಂಡರು, ಎಣ್ಣೆ ಕುಡಿದು ಕಪ್ಪಾದ ಮರದ ಬೆಂಚು, ಗೋಡೆಗೆ ನೇತುಹಾಕಿದ ಹತ್ತಾರು ಚೈನು. ಬರುವಾಗ ಕೋಳಿಗೂಡಿನ ವಾಸನೆ ಹೊಡೆಯುವ ತುಕ್ಕಿನ ಮುದ್ದೆ, ಹೋಗುವಾಗ ಒಂದೇ ಕಿಕ್ಕಿಗೆ ಗುಡುಗುವ ಗಾಡಿ. ಬರೀ ರಿಪೇರಿಯಲ್ಲ, ಗಾಡಿಯನ್ನು ಅವನು ಬದಲಾಯಿಸಿಯೂ ಕೊಡುತ್ತಿದ್ದ. ಸೈಲೆನ್ಸರನ್ನು ನೀರಿಗೆ ಸಿಗದಂತೆ ಸೀಟಿನ ಕೆಳಗೆ ಎತ್ತುತ್ತಿದ್ದ, ಮುಂದೆ ಉದ್ದನೆಯ ಸ್ಪ್ರಿಂಗು ಕೂರಿಸುತ್ತಿದ್ದ, ಚಾಸಿಯಲ್ಲಿ ಬೇಡವಾದ ಕಬ್ಬಿಣ ಕೊಯ್ದು ಬೇಕಾದ ಕಡೆ ತಗಡು ಬೆಸೆಯುತ್ತಿದ್ದ. ಅವನ ಬೆಸುಗೆ ಬಿಟ್ಟಿದ್ದನ್ನು ಕಂಡವರಿಲ್ಲ.

ಜೊತೆಗೆ ಕೆಲಸ ಮಾಡುತ್ತಿದ್ದವಳು ಮಗಳು. ಇಪ್ಪತ್ತೇಳರ ಹೆಣ್ಣು, ಟ್ಯಾಂಕಿನ ಡೆಂಟು ಎತ್ತುವುದು, ಬಣ್ಣ ಹೊಡೆಯುವುದು ಅವಳ ಪಾಲು. ಅಪ್ಪನಿಗೆ ಎದುರು ಮಾತಾಡಿ ಶೆಡ್ಡಿನಲ್ಲಿ ಉಳಿದುಕೊಂಡವಳು ಅವಳೊಬ್ಬಳೇ.

ಊರಾಚೆ ಕಲ್ಲುಕ್ವಾರಿ ನಡೆಸುತ್ತಿದ್ದವನೊಬ್ಬನ ತಮ್ಮ ಒಂದು ಮಧ್ಯಾಹ್ನ ಹಳೆಯ ಗಾಡಿಯೊಂದನ್ನು ತಂದ. ಮೂವತ್ತು ವರ್ಷದ ನಗುಮುಖದವನು. ಅಪ್ಪ ಅಮ್ಮ ಇಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವನು ಅಣ್ಣನೇ. "ಅಣ್ಣಾ, ಇದು ಎದ್ದು ನಿಲ್ಲುತ್ತಾ?" ಎಂದು ಸುತ್ತಿಗೆಯನ್ನು ಕೇಳಿದ. ಸುತ್ತಿಗೆ ಚಾಸಿಗೆ ಒಂದು ಸಲ ಒದ್ದು ನೋಡಿ, "ನಿಲ್ಲೋದೇನು, ನಿನ್ನ ಬೆನ್ನು ಮುರಿಯೋ ಹಾಗೆ ಓಡುತ್ತೆ" ಎಂದ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಎಂಟು ತಿಂಗಳು ಕೆಲಸ ನಡೆಯಿತು. ಕೊನೆಯ ವಾರ, ಹ್ಯಾಂಡಲ್ ಕೂರುವ ಕತ್ತಿನ ಬಳಿ ಬಲಕ್ಕೆಂದು ತಗಡು ಬೆಸೆಯುವ ಮುಂಚೆ ಮಗಳು, "ಅಪ್ಪಾ, ಇದು ನೀರಲ್ಲಿ ಬಿದ್ದಿದ್ದ ಗಾಡಿ. ಈ ಪೈಪಿಗೆ ಸಣ್ಣ ತೂತು ಕೊರೆದು ತಂತಿ ಹಾಕಿ ನೋಡೋಣ. ಒಳಗೆ ಏನಾಗಿದೆಯೋ" ಎಂದಳು. ಕ್ವಾರಿಯವನ ತಮ್ಮ ಇಳಿಯಬೇಕಿದ್ದ ರೇಸಿಗೆ ನಾಲ್ಕೇ ದಿನ ಇತ್ತು. ಬೆಳಗಿನಿಂದ ಕಾರ್ಬ್ಯುರೇಟರು ಅವನ ಪ್ರಾಣ ತಿಂದಿತ್ತು. "ನನಗೆ ಹೇಳಿಕೊಡ್ತೀಯಾ?" ಎಂದು ಕೈಯಲ್ಲಿದ್ದ, ಕಬ್ಬಿಣ ಉಜ್ಜುವ ಅರವನ್ನು ಬೀಸಿ ಒಗೆದ. ಅದು ಅವಳ ಕಿವಿ ಸವರಿಕೊಂಡು ಹೋಗಿ ಬಾಗಿಲಿಗೆ ನಾಟಿತು. ಅವಳು ಅದನ್ನು ಕಿತ್ತು ಬೆಂಚಿನ ಮೇಲಿಟ್ಟು ತನ್ನ ಟ್ಯಾಂಕಿನ ಕೆಲಸಕ್ಕೆ ಹೋದಳು. ಅವನು ಬೆಸೆದ.

ಕ್ವಾರಿಯವನ ತಮ್ಮ ಆ ಗಾಡಿಯಲ್ಲಿ ಎರಡು ರೇಸು ಗೆದ್ದ. ಮೂರನೆಯದರಲ್ಲಿ, ದಿಬ್ಬದಿಂದ ಹಾರಿ ಇಳಿಯುವಾಗ ಗಾಡಿಯ ಕತ್ತು ಕಳಚಿ ಮುಂದಿನ ಚಕ್ರ ಎಂಜಿನ್ನಿನಡಿಗೆ ಮಡಚಿಕೊಂಡಿತು. ಹ್ಯಾಂಡಲ್ ಅವನ ಎದೆಯೊಳಕ್ಕೆ ಇಳಿಯಿತು. ಹಿಂದಿನಿಂದ ಬಂದ ಗಾಡಿಗೆ ತಪ್ಪಿಸಲು ಜಾಗವಿರಲಿಲ್ಲ, ಅವನ ಮೇಲೇ ಹಾದುಹೋಯಿತು. ಆಸ್ಪತ್ರೆಯವರು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮುಂದಿನ ವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಕ್ವಾರಿಯವನು ಶೆಡ್ಡಿಗೆ ಬಂದ. ಬಂಡೆ ಒಡೆಯುವ ಸಮ್ಮಟಿಗೆ ಹೆಗಲ ಮೇಲಿತ್ತು. ಬಾಗಿಲ ಬಳಿ ನಿಂತಿದ್ದ ಗಾಡಿಯ ಟ್ಯಾಂಕಿಗೆ ಮೊದಲ ಏಟು. ಮಗಳು ಒಂದು ತಿಂಗಳು ಉಜ್ಜಿ ಬಣ್ಣ ಹೊಡೆದಿದ್ದ ಟ್ಯಾಂಕು ಹಪ್ಪಳವಾಯಿತು. ಎರಡನೆಯ ಏಟಿಗೆ ಎಂಜಿನ್ನಿನ ಹೊಟ್ಟೆ ಬಿರಿದು ಎಣ್ಣೆ ಸುರಿಯಿತು. ಚಕ್ರದ ಕಡ್ಡಿಗಳು ಪಟಪಟನೆ ಹಾರಿದವು. ಆರು ಗಾಡಿಗಳನ್ನು ಅವನು ಒಂದೊಂದಾಗಿ, ಬಂಡೆಯ ಸೀಳು ಹುಡುಕುವಂತೆ ನೋಡಿಕೊಂಡು, ಒಡೆದ.

ಸುತ್ತಿಗೆ ಅಷ್ಟು ಹೊತ್ತು ತಡೆದುಕೊಂಡಿದ್ದೇ ಹೆಚ್ಚು. ಸತ್ತವನ ಅಣ್ಣ, ಹೊಟ್ಟೆ ಉರಿ ತೀರಿಸಿಕೊಳ್ಳಲಿ ಎಂದುಕೊಂಡಿದ್ದ. ಆದರೆ ಕ್ವಾರಿಯವನು ತಿರುಗಿ, "ನಿನ್ನ ಬೆಸುಗೆ ಕಣೋ! ನನ್ನ ತಮ್ಮನ್ನ ಕೊಂದಿದ್ದು ನಿನ್ನ ಹಾಳು ಬೆಸುಗೆ!" ಎಂದಾಗ ಸಿಟ್ಟಿನಲ್ಲಿ ಸುತ್ತಿಗೆಯ ಕಣ್ಣು ಮಂಜಾಯಿತು.

"ನನ್ನ ಬೆಸುಗೆ ಬಿಡಲ್ಲ."

"ಬಿಟ್ಟಿದೆ! ಬಂದು ನೋಡು!"

"ಬಿಡಲ್ಲ ಅಂದೆ!"

ಬೆಂಚಿನ ಮೇಲಿದ್ದ ಮೂರಡಿ ಪೈಪು ಕೈಗೆ ಬಂತು. ಸಮ್ಮಟಿಗೆ ಮೇಲೇಳುವಷ್ಟರಲ್ಲಿ ಪೈಪು ಕ್ವಾರಿಯವನ ಎಡ ಹೆಗಲಿಗೆ ಬಿತ್ತು. ಹಸಿಕೊಂಬೆ ಮುರಿದಂತೆ ಸದ್ದಾಯಿತು. ಸಮ್ಮಟಿಗೆ ಜಾರಿ ಬಿದ್ದರೂ ಅವನು ಬೀಳಲಿಲ್ಲ. ಒಂದೇ ಕೈಯಲ್ಲಿ ಸುತ್ತಿಗೆಯ ಗಂಟಲು ಹಿಡಿದು ಲೇತಿಗೆ ಅವನ ತಲೆ ಚಚ್ಚಿದ. ಇಬ್ಬರೂ ಎಣ್ಣೆಯಲ್ಲಿ ಜಾರಿ ನೆಲಕ್ಕೆ ಬಿದ್ದರು. ಹಲ್ಲು, ಉಗುರು, ಮೊಣಕಾಲು, ಏನು ಸಿಕ್ಕಿತೋ ಅದರಲ್ಲೇ ಹೊಡೆದಾಟ. ಕೊನೆಗೆ ಮಗಳು ಗೋಡೆಯಲ್ಲಿದ್ದ ಬೆಂಕಿ ಆರಿಸುವ ಸಿಲಿಂಡರು ಕಿತ್ತು ಇಬ್ಬರ ಮುಖಕ್ಕೂ ನೊರೆ ಹೊಡೆದಳು. ಖಾಲಿಯಾಗುವವರೆಗೆ ಬಿಡಲಿಲ್ಲ. ಇಬ್ಬರು ಗಂಡಸರು ಬೆಳ್ಳಗೆ ಮೆತ್ತಿಕೊಂಡು, ಕೆಮ್ಮುತ್ತ, ಕಣ್ಣು ಕಾಣದೆ ಅತ್ತಿತ್ತ ತೆವಳಿದರು. ಬೇರೆ ದಿನವಾಗಿದ್ದರೆ ಯಾರಾದರೂ ನಗುತ್ತಿದ್ದರು.

ಮೂರು ದಿನ ಸುತ್ತಿಗೆ ಗಂಟಲಿನ ನೀಲಿ ಗುರುತು ಸವರಿಕೊಂಡು ಕೂತ. ನಾಲ್ಕನೆಯ ದಿನ ಮಗಳು, "ಕೂತರೆ ಗೊತ್ತಾಗಲ್ಲ ಅಪ್ಪಾ. ಹೋಗಿ ಆ ಬೆಸುಗೆ ಕೊಯ್ದು ನೋಡೋಣ" ಎಂದು ಗರಗಸ ತೆಗೆದುಕೊಂಡು ಮುಂದೆ ನಡೆದಳು.

ಕ್ವಾರಿಯವನು ಎಡಗೈಯನ್ನು ಕೊರಳಿಗೆ ಕಟ್ಟಿಕೊಂಡು ತನ್ನ ಮನೆಯ ಅಂಗಳದಲ್ಲಿ ಕೂತಿದ್ದ. ಅವರನ್ನು ಕಂಡು ಎದ್ದುನಿಂತ. ಮಗಳೇ ಮಾತಾಡಿದಳು. "ಮಾಮಾ, ಬೆಸುಗೆ ಕೊಯ್ದು ನಿಮ್ಮೆದುರಿಗೇ ತೋರಿಸ್ತೀವಿ. ಆಮೇಲೆ ನೀವು ಏನು ಬೇಕಾದರೂ ಮಾಡಿ." ಅವನು ತಮ್ಮನ ಗಾಡಿಗೆ ಮುಚ್ಚಿದ್ದ ಟಾರ್ಪಾಲನ್ನು ಕಾಲಿನಿಂದ ಸರಿಸಿದ.

ಗಾಡಿಯ ಮೇಲೆ ರಕ್ತ ಒಣಗಿ ಕಂದಾಗಿತ್ತು. ಸುತ್ತಿಗೆ ಮಂಡಿಯೂರಿ ಗರಗಸ ಎಳೆಯತೊಡಗಿದ. ಬೆಸುಗೆ ಸೀಳಿದಾಗ ಒಳಗೆಲ್ಲ ಒಂದೇ ಸಮನೆ ಬೆಳ್ಳಿಯ ಹಾಗೆ ಹೊಳೆಯಿತು. ಒಂದು ಗುಳ್ಳೆಯಿಲ್ಲ, ಒಂದು ಬಿರುಕಿಲ್ಲ. ಕ್ವಾರಿಯವನು ಬಗ್ಗಿ ನೋಡಿ ಬೆರಳಾಡಿಸಿದ. ಕಲ್ಲು ಒಡೆಯುವವನಿಗೆ ಗಟ್ಟಿ ಯಾವುದು ಟೊಳ್ಳು ಯಾವುದು ಎಂದು ಹೇಳಿಕೊಡಬೇಕಾಗಿರಲಿಲ್ಲ.

"ಬಿಟ್ಟಿಲ್ಲ" ಎಂದ. ಆಮೇಲೆ ಅವನ ಮುಖ ಕುಸಿಯಿತು. "ನಿನ್ನ ತಪ್ಪಲ್ಲ ಹಂಗಾದ್ರೆ. ನಾನು ಸುಮ್ಸುಮ್ನೆ ನಿನ್ನ ಗಾಡಿಯೆಲ್ಲ…" ಎನ್ನುತ್ತ ಬಲಗೈ ಚಾಚಿದ.

ಸುತ್ತಿಗೆ ಆ ಕೈ ಹಿಡಿಯಲಿಲ್ಲ. ಅವನ ಕಣ್ಣು ಬೆಸುಗೆಯಿಂದ ಹೆಬ್ಬೆರಳಷ್ಟು ಕೆಳಗೆ, ಪೈಪು ಮುರಿದ ಬಾಯಿಯ ಮೇಲಿತ್ತು. ಒಳಗೆ ತುಕ್ಕು ತಿಂದು ಪೈಪು ಕಾಗದದಷ್ಟು ತೆಳುವಾಗಿತ್ತು. ಅವನು ಹಾಕಿದ ತಗಡು ಗಟ್ಟಿಯಾದಷ್ಟೂ ಏಟೆಲ್ಲ ಹೋಗಿ ಬಿದ್ದದ್ದು ಆ ಟೊಳ್ಳಿನ ಮೇಲೆ. ತಲೆ ಎತ್ತಿ ಮಗಳನ್ನು ನೋಡಿದ. ಅವಳೂ ಅದನ್ನೇ ನೋಡುತ್ತಿದ್ದಳು. ಅವಳು ಹೇಳುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಅವನೂ ಸುಮ್ಮನೆ ಕೈ ಕುಲುಕಿ ಮನೆಗೆ ಹೋಗಬಹುದಿತ್ತು.

"ಬೆಸುಗೆ ಬಿಟ್ಟಿಲ್ಲ, ಪೈಪು ಬಿಟ್ಟಿದೆ" ಎಂದ. "ಒಳಗೆ ಕೊಳೆತಿತ್ತು. ಇವಳು ತೂತು ಕೊರೆದು ನೋಡೋಣ ಅಂದಳು. ನಾನು ಇವಳ ಮೇಲೆ ಅರ ಎಸೆದೆ. ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗ್ತಿತ್ತು. ನಿನ್ನ ತಮ್ಮ ಬದುಕಿರ್ತಿದ್ದ."

ಚಾಚಿದ ಕೈ ಹಾಗೇ ನಿಂತಿತು. ನಂತರ ಕೆಳಗಿಳಿದು, ಕೊಯ್ದು ಬಿದ್ದಿದ್ದ ಕಬ್ಬಿಣದ ತುಂಡನ್ನು ಎತ್ತಿಕೊಂಡಿತು.

ಮೊದಲ ಏಟು ಕಿವಿಯ ಮೇಲೆ. ತಲೆಯೊಳಗೆ ಏನೋ ಹರಿದ ಹಾಗಾಗಿ ಸುತ್ತಿಗೆ ಮಗ್ಗುಲಿಗೆ ಬಿದ್ದ. ಎರಡನೆಯದು ಪಕ್ಕೆಗೆ, ಮೂರನೆಯದೂ ಅಲ್ಲಿಗೇ. ಅವನ ಮೈಯೆಲ್ಲ ಎದ್ದು ಹೊಡೆ ಎನ್ನುತ್ತಿತ್ತು; ಒಂಟಿ ಕೈಯವನನ್ನು ಕೆಡವುವುದು ಅವನಿಗೆ ಲೆಕ್ಕವೇ ಅಲ್ಲ. ಎರಡೂ ಕೈಯಿಂದ ಗಾಡಿಯ ಹಿಂದಿನ ಚಕ್ರವನ್ನು ಗಟ್ಟಿಯಾಗಿ ಹಿಡಿದುಕೊಂಡ. ಕಡ್ಡಿಗಳು ಅಂಗೈಗೆ ಇಳಿದವು. ಮಗಳು ಕಿರುಚುತ್ತ ಮಧ್ಯೆ ನುಗ್ಗಿದಾಗ, "ನೀನು ಬರಬೇಡ! ದೂರ ನಿಲ್ಲು!" ಎಂದು ರಕ್ತ ಉಗುಳಿದ. ಅವಳು ನಿಲ್ಲಲಿಲ್ಲ. ಕ್ವಾರಿಯವನ ಮುರಿದ ಹೆಗಲನ್ನೇ ಹಿಡಿದು ಹಿಸುಕಿದಳು. ಅವನು ಪ್ರಾಣಿಯಂತೆ ಕೂಗಿ, ಕಬ್ಬಿಣ ಕೈಬಿಟ್ಟು, ನೆಲಕ್ಕೆ ಕುಸಿದು, ತಮ್ಮನ ಹೆಸರು ಹಿಡಿದು ಗೊಳೋ ಎಂದು ಅತ್ತ.

ಸುತ್ತಿಗೆಯ ಉಸಿರು ಕೀಚು ಕೀಚು ಎನ್ನತೊಡಗಿತು, ಬಾಯಲ್ಲಿ ಕೆಂಪು ನೊರೆ ಬಂತು. ಕ್ವಾರಿಯವನು ಅದನ್ನು ಕಂಡು ಎದ್ದ. "ಕಾಲು ಹಿಡಿ" ಎಂದ ಮಗಳಿಗೆ. ಇಬ್ಬರೂ ಸೇರಿ ಎತ್ತಿ ಕಲ್ಲು ಸಾಗಿಸುವ ಲಾರಿಯ ಸೀಟಿಗೆ ಹಾಕಿದರು. ಕ್ವಾರಿಯವನಿಗೆ ಆಡುತ್ತಿದ್ದದ್ದು ಒಂದೇ ಕೈ, ಅದು ಸ್ಟೀರಿಂಗಿಗೆ ಬೇಕು. ಅವನು ಕ್ಲಚ್ಚು ಒತ್ತಿ "ಎರಡು" ಎಂದರೆ ಅವಳು ಗೇರು ಎರಡಕ್ಕೆ ಹಾಕುವಳು; "ಮೂರು" ಎಂದರೆ ಮೂರಕ್ಕೆ. ಅಪ್ಪನ ತಲೆ ಅವಳ ತೊಡೆಯ ಮೇಲೆ. ಹೀಗೇ ಅಂಕಿ ಹೇಳಿಕೊಂಡು ಆಸ್ಪತ್ರೆ ತಲುಪಿದರು.

ನಾಲ್ಕು ಪಕ್ಕೆಲುಬು ಮುರಿದಿದ್ದವು. ಒಂದು ಮೂಳೆ ಶ್ವಾಸಕೋಶಕ್ಕೆ ಚುಚ್ಚಿತ್ತು. ಎಡಗಿವಿ ಶಾಶ್ವತವಾಗಿ ಹೋಯಿತು. ಪೊಲೀಸರು ಬಂದು ಕೇಳಿದಾಗ ಅವನು ಏನನ್ನೂ ಮುಚ್ಚಿಡಲಿಲ್ಲ, ಕ್ವಾರಿಯವನೂ ಮುಚ್ಚಿಡಲಿಲ್ಲ. ಕೇಸು ಕೋರ್ಟಿಗೆ ಬಂದಾಗ, ಮತ್ತೆ ಕೈ ಎತ್ತಿದರೆ ಜೈಲು ಎಂದು ನ್ಯಾಯಾಧೀಶರು ಇಬ್ಬರಿಂದಲೂ ಬರೆಸಿಕೊಂಡು ಕಳಿಸಿದರು.

ಅವನು ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಒಂದು ದಿನ ಹೆಂಡತಿ ಅವನ ಬಲಗಿವಿಯ ಕಡೆ ಕುರ್ಚಿ ಎಳೆದುಕೊಂಡು ಕೇಳಿದಳು. "ಯಾಕೆ ಹೇಳಿದ್ರಿ? ಅವನು ಕ್ಷಮೆ ಕೇಳ್ತಿದ್ದನಂತೆ."

"ಅದಕ್ಕೇ ಹೇಳಿದೆ. ಅವನು ನನ್ನ ಹತ್ರ ಕ್ಷಮೆ ಕೇಳೋದನ್ನ ನೋಡೋಕಾಗಲಿಲ್ಲ" ಎಂದ. ಆಮೇಲೆ, "ನಿನ್ನ ಹುಬ್ಬಿಗೆ ಹೊಡೆದಿದ್ದೂ ನಾನೇ. ಗೋಡೆಯಲ್ಲ" ಎಂದ. ಅವಳು ಎದ್ದು ಹೊರಗೆ ಹೋಗಿ ಬಹಳ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದಳು.

ಕ್ವಾರಿಯವನು ಅವನನ್ನು ಕ್ಷಮಿಸಲಿಲ್ಲ. ದಾರಿಯಲ್ಲಿ ಎದುರಾದರೆ ಇಂದಿಗೂ ಮುಖ ತಿರುಗಿಸುತ್ತಾನೆ, ಸುತ್ತಿಗೆ ಬದಿಗೆ ಸರಿದು ದಾರಿ ಬಿಡುತ್ತಾನೆ. ಶೆಡ್ಡು ನಡೆಯುತ್ತಿದೆ. ಯಾವ ಹಳೆಯ ಚಾಸಿ ಬಂದರೂ ಮೊದಲು ಮಗಳು ಹತ್ತು ಕಡೆ ತೂತು ಕೊರೆದು ತಂತಿ ಆಡಿಸುತ್ತಾಳೆ. ತುಕ್ಕಿನ ಪುಡಿ ಉದುರಿದರೆ ಆ ಪೈಪು ಗುಜರಿಗೆ. ಅವಳು ಆಗಲಿ ಎನ್ನದೆ ಅವನು ಗ್ಯಾಸ್ ಹಚ್ಚುವಂತಿಲ್ಲ.

ಸಿಟ್ಟು ಹೋಗಿದೆ ಎಂದರೆ ಸುಳ್ಳಾಗುತ್ತದೆ. ಮೊನ್ನೆ ಗಿರಾಕಿಯೊಬ್ಬ, "ಈ ತೂತು ಗೀತು ಎಲ್ಲ ಬೇಡ, ಬೇಗ ಮುಗಿಸಿಕೊಡಿ" ಎಂದಾಗ ಅವನ ಕೈ ಸ್ಪ್ಯಾನರಿನತ್ತ ಹೋಯಿತು. ಮಗಳು ಬಣ್ಣದ ಗನ್ನು ಕೆಳಗಿಟ್ಟು ನೋಡಿದಳು. ಅವನು ಸ್ಪ್ಯಾನರನ್ನು ಅವಳ ಕೈಗೆ ಕೊಟ್ಟು, ಶೆಡ್ಡಿನಿಂದ ಹೊರಗೆ ಹೋಗಿ, ತೊಟ್ಟಿಯ ನೀರಿಗೆ ಮೊಣಕೈಯವರೆಗೆ ಎರಡೂ ಕೈ ಅದ್ದಿ ನಿಂತ. ಗಿರಾಕಿ ಗಾಡಿ ತಳ್ಳಿಕೊಂಡು ಬೇರೆ ಕಡೆ ಹೋದ.